ಕುಶನ್ ಅಮ್ಮ ಕಟ್ಟಿದ ಮುಂಗಡ

ಕುಶನ್ ಅಮ್ಮನಿಗೆ ಸಿಟ್ಟು ಬಂದದ್ದು ಬೀದಿಗೆ ಗೊತ್ತಾಗುವುದು ಸುತ್ತಿಗೆಯ ಸದ್ದಿನಿಂದ. ಮಾಮೂಲಿ ದಿನಗಳಲ್ಲಿ ಆ ಸುತ್ತಿಗೆ ಒಂದೇ ಹದದಲ್ಲಿ ನಡೆಯುತ್ತದೆ. ಬಾಯಲ್ಲಿ ತುಂಬಿಕೊಂಡ ಸಣ್ಣ ಮೊಳೆಗಳನ್ನು ನಾಲಿಗೆಯಿಂದಲೇ ಒಂದೊಂದಾಗಿ ತುಟಿಗೆ ತಂದು, ಬೆರಳಿಗೆ ಕೊಟ್ಟು, ರೆಕ್ಸಿನ್ ಅಂಚಿನುದ್ದಕ್ಕೂ ಹೊಡೆಯುತ್ತಾ ಹೋಗುತ್ತಾಳೆ. ಸಿಟ್ಟಿದ್ದ ದಿನ ಒಂದು ಮೊಳೆಗೆ ಒಂದೇ ಏಟು. ಆಗ ಪಕ್ಕದ ಸೈಕಲ್ ಅಂಗಡಿಯವನು ಬಂದವರಿಗೆಲ್ಲ ಹೇಳುತ್ತಾನೆ: "ಇವತ್ತು ಆ ಕಡೆ ಹೋಗ್ಬೇಡಿ. ಸೋಫಾ ಎಲ್ಲೂ ಓಡಿ ಹೋಗಲ್ಲ, ನಾಳೆ ಕೊಟ್ರಾಯ್ತು."

ಆ ಕುಶನ್ ಅಂಗಡಿ ಅವಳ ಅಪ್ಪನದು. ಗಂಡು ಮಕ್ಕಳಿರಲಿಲ್ಲವೆಂದು ಅಪ್ಪ ಮಗಳಿಗೆ ಕೆಲಸ ಕಲಿಸಿದನೆಂದು ಜನ ಮಾತಾಡಿಕೊಳ್ಳುತ್ತಾರೆ. ಅದು ಸುಳ್ಳು. ಇಬ್ಬರು ಅಣ್ಣಂದಿರಿದ್ದರು. ಇಬ್ಬರಿಗೂ ತೆಂಗಿನ ನಾರಿನ ಧೂಳಿಗೆ ಸೀನು ಬರುತ್ತಿತ್ತು, ಕೆಲಸ ಎಂದರೆ ಇನ್ನೂ ಹೆಚ್ಚು ಸೀನು ಬರುತ್ತಿತ್ತು. ಅವಳೊಬ್ಬಳು ನಾರು ಬಿಡಿಸಿದಳು, ಸ್ಪ್ರಿಂಗ್ ಕಟ್ಟಿದಳು, ಬಾಗಿದ ಸೂಜಿಯಲ್ಲಿ ದಪ್ಪ ದಾರ ಪೋಣಿಸಿ ಕುರ್ಚಿಯ ಬೆನ್ನು ಹೊಲಿಯುವುದನ್ನು ಕಲಿತಳು. ಅದರ ಜೊತೆಗೆ ಅಪ್ಪನ ಮುಂಗಡದ ಕಟ್ಟುಪಾಡನ್ನೂ ಕಲಿತಳು.

ಆ ಕಟ್ಟುಪಾಡಿನ ಹಿಂದೊಂದು ಕಥೆಯಿದೆ. ಒಬ್ಬ ಸಿನಿಮಾ ಮಂದಿರದ ಮಾಲೀಕ ಬಾಲ್ಕನಿಯ ಸೀಟುಗಳಿಗೆಲ್ಲ ಕೆಂಪು ವೆಲ್ವೆಟ್ ಹೊದಿಸಿ ಕೊಡಿ ಎಂದು ಹೇಳಿ ಹೋಗಿದ್ದ. ದೊಡ್ಡ ಮನುಷ್ಯ, ಮುಂಗಡ ಕೇಳಿದರೆ ತಪ್ಪು ತಿಳಿದಾನು ಎಂದು ಅಪ್ಪ ಸುಮ್ಮನಾದ. ಬಟ್ಟೆ ತರಿಸಿ ಕತ್ತರಿಸಿದ್ದಾಯಿತು, ಮಂದಿರಕ್ಕೆ ಬೀಗ ಬಿತ್ತು, ಮಾಲೀಕ ನಾಪತ್ತೆ. ಆಮೇಲೆ ವರ್ಷಗಟ್ಟಲೆ ಆ ಮನೆಯ ದಿಂಬು, ಪರದೆ, ಮಕ್ಕಳ ಶಾಲೆಯ ಚೀಲ ಎಲ್ಲವೂ ಕೆಂಪು ವೆಲ್ವೆಟ್ಟಿನವೇ. ದೊಡ್ಡಣ್ಣನಿಗೆ ಶಾಲೆಯಲ್ಲಿ 'ಮಹಾರಾಜ' ಎಂದು ಅಡ್ಡಹೆಸರು ಬಿತ್ತು. ಅಂದಿನಿಂದ ಮುಂಗಡ ಕೈಗೆ ಬರದೆ ಆ ಅಂಗಡಿಯ ಕತ್ತರಿ ಬಾಯಿ ತೆರೆದಿಲ್ಲ.

ಅವಳು ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಳು. ತಾನು ಯಾರ ಬಳಿ ಕೆಲಸ ಮಾಡಿಸಿದರೂ ಮೊದಲು ಮುಂಗಡ ಕೊಡುತ್ತಾಳೆ. ಬಣ್ಣ ಬಳಿಯುವವನಿಗೆ, ನಲ್ಲಿ ರಿಪೇರಿಯವನಿಗೆ, ಮಗಳಿಗೆ ಲೆಕ್ಕ ಹೇಳಿಕೊಡಲು ಬರುತ್ತಿದ್ದ ಮೇಷ್ಟ್ರಿಗೆ. ಕೈಗೆ ಕಾಸು ಬಿದ್ದ ಮೇಲೆ ಎದುರಿನವನಿಗೆ ಮಾತು ತಪ್ಪಲು ನಾಚಿಕೆಯಾಗುತ್ತದೆ ಎಂಬುದು ಅವಳ ನಂಬಿಕೆ. ಜೀವನದಲ್ಲಿ ಅವಳ ಈ ನಂಬಿಕೆ ಹುಸಿಯಾದದ್ದು ಕಡಿಮೆ. ನಾಚಿಕೆ ಇರುವವರ ಜೊತೆಗೇ ಹೆಚ್ಚು ವ್ಯವಹಾರ ಮಾಡಿದ್ದಳು ಎಂದು ಕಾಣುತ್ತದೆ.

ಅವಳ ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ಮಕ್ಕಳು ಕರೆದು ಕರೆದು ಊರಿಗೆಲ್ಲ 'ವ್ಯಾನ್ ಮಾಮ' ಆಗಿಬಿಟ್ಟವರು. ಹರೆಯದಲ್ಲಿ ಅವರ ಡ್ರೈವರ್ ಸೀಟು ಪದೇ ಪದೇ ಹರಿಯುತ್ತಿತ್ತು, ಅವರು ಪದೇ ಪದೇ ಈ ಅಂಗಡಿಗೆ ಬರುತ್ತಿದ್ದರು. ತಾನಾಗಿ ಹರಿಯುತ್ತಿತ್ತೋ, ಬ್ಲೇಡಿನಿಂದ ಹರಿಯುತ್ತಿತ್ತೋ, ಅವರು ಇಂದಿಗೂ ಬಾಯಿ ಬಿಟ್ಟಿಲ್ಲ. ಪ್ರತಿ ಸಲವೂ ಅರ್ಧವಲ್ಲ, ಪೂರ್ತಿ ಹಣವನ್ನೇ ಮುಂಗಡವಾಗಿ ಇಡುತ್ತಿದ್ದರು. ಇಂಥವನಿಗೆ ಹೆಣ್ಣು ಕೊಡದೆ ಇನ್ನಾರಿಗೆ ಕೊಡಲಿ ಎಂದು ಅಪ್ಪನೇ ಮಾತು ತೆಗೆದ.

ಈಗ ವ್ಯಾನ್ ಮಾಮನಿಗೆ ಎಪ್ಪತ್ತು ದಾಟಿದೆ. ವ್ಯಾನ್ ಮಾರಿ, ಅಂಗಡಿಯಲ್ಲಿ ಹೆಂಡತಿಗೆ ರೆಕ್ಸಿನ್ ಎಳೆದು ಹಿಡಿಯುವುದು, ಗಿರಾಕಿಗಳ ಜೊತೆ ಹರಟುವುದು, ಅವಳ ಸಿಟ್ಟಿಗೆ ನಗುವುದು, ಇವೇ ಅವರ ಕೆಲಸ. ಒಂದು ಬೆಳಿಗ್ಗೆ ನೆಲದಲ್ಲಿದ್ದ ರೆಕ್ಸಿನ್ ಸುರುಳಿಯನ್ನು ದಾಟುವ ಬದಲು ಅದರ ಮೇಲೆ ಕಾಲಿಟ್ಟರು. ಸುರುಳಿ ಒಂದು ಕಡೆ ಹೋಯಿತು, ಅವರು ಇನ್ನೊಂದು ಕಡೆ ಹೋದರು. ಏಳಲು ಆಗಲಿಲ್ಲ. ಎಡಗಾಲು ವಿಚಿತ್ರವಾಗಿ ಹೊರಕ್ಕೆ ತಿರುಗಿಕೊಂಡಿತ್ತು.

"ಏನಾಗಿಲ್ಲ, ಸ್ವಲ್ಪ ಹೊತ್ತು ಬಿದ್ದೇ ಇರ್ತೀನಿ," ಎಂದರು, ಹಣೆಯಲ್ಲಿ ಬೆವರು ಇಳಿಯುತ್ತಿರುವಾಗ.

"ಬಿದ್ದೇ ಇರೋಕೆ ಇದೇನು ನಿಮ್ಮ ಮಾವನ ಮನೆಯಾ?" ಎಂದಳು.

"ಹೌದಲ್ವಾ," ಎಂದರು ಅವರು.

ಸೈಕಲ್ ಅಂಗಡಿಯವನು ಆಂಬ್ಯುಲೆನ್ಸಿಗೆ ಫೋನ್ ಮಾಡಿದ.

ಇಲ್ಲಿ ಆ ಕಾರ್ಡಿನ ವಿಷಯ ಹೇಳಬೇಕು. ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯ ಕಾರ್ಡು. ಗಂಡ ಹೆಂಡತಿ ಇಬ್ಬರನ್ನೂ ಶಾಲೆಯೊಂದರ ವರಾಂಡದಲ್ಲಿ ನಡೆದ ಶಿಬಿರಕ್ಕೆ ಕರೆದೊಯ್ದು, ಸಾಲಿನಲ್ಲಿ ನಿಲ್ಲಿಸಿ, ಹೆಬ್ಬೆಟ್ಟು ಒತ್ತಿಸಿ ಅದನ್ನು ಮಾಡಿಸಿದ್ದು ಮಗಳು. ಓದಿದವಳು, ಕಚೇರಿ ಕೆಲಸದಲ್ಲಿದ್ದವಳು, ಮಗುವಾದ ಮೇಲೆ ಕೆಲಸ ಬಿಟ್ಟವಳು. ಸೀನಿದರೆ ನ್ಯುಮೋನಿಯಾ ಎಂದು ಹೆದರುವವಳು, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಹೆದರುವವಳು. ಕಾರ್ಡಿನ ಜೊತೆ ಒಂದು ಮಡಚಿದ ಕಾಗದ ಕೊಟ್ಟಿದ್ದರು. ಕಣ್ಣಿನ ಪೊರೆಯ ಚಿಕಿತ್ಸೆಗೂ ಕಾರ್ಡು ಅನ್ವಯವಾಗುತ್ತದೆ ಎಂಬ ಸಾಲನ್ನು, ಪೊರೆ ಬಂದ ಯಾರೂ ಓದಲಾರದಷ್ಟು ಸಣ್ಣ ಅಕ್ಷರದಲ್ಲಿ ಅದರಲ್ಲಿ ಅಚ್ಚು ಹಾಕಿದ್ದರು. ಹಾಗಾಗಿ ಅಮ್ಮನಿಗೆ ಅರ್ಥ ಮಾಡಿಸುವ ಕೆಲಸ ಮಗಳ ತಲೆಗೇ ಬಂತು.

"ಅಮ್ಮ, ಸರಿಯಾಗಿ ಕೇಳ್ಕೋ. ಆಸ್ಪತ್ರೆಗೆ ಸೇರಿಸೋವಾಗ್ಲೇ ಮೊದಲು ಇದನ್ನ... ಬಾಯಿ ತೆಗಿ ಪುಟ್ಟ, ಆ, ಇನ್ನೊಂದೇ ತುತ್ತು... ಮೊದಲೇ ಏನ್ ಮಾಡ್ಬೇಕು ಅಂದ್ರೆ... ಉಗೀಬಾರ್ದು, ಉಗೀಬಾರ್ದು ಅಂದ್ನಲ್ಲ... ಅಮ್ಮ, ಕೇಳಿಸ್ಕೊಂಡ್ಯಾ?"

"ಹ್ಞೂಂ, ಕೇಳಿಸ್ಕೊಂಡೆ," ಎಂದಿದ್ದಳು ಕುಶನ್ ಅಮ್ಮ.

ವಿಮೆ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯಾನಿಗೆ ವಿಮೆಯಿತ್ತು. ಒಮ್ಮೆ ಶಾಲೆಯ ಗೇಟಿಗೆ ಗುದ್ದಿ ಬಾಗಿಲು ನೆಗ್ಗಿದಾಗ ಗ್ಯಾರೇಜಿನವನಿಗೆ ಕೈಯಿಂದಲೇ ಕೊಟ್ಟು, ಬಿಲ್ಲು ತಂದು, ವಿಮೆಯ ಕಚೇರಿಗೆ ಅಲೆದು, ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ಸು ತಂದವಳು ಅವಳೇ. ಮೊದಲು ಕೊಡು, ಬಿಲ್ಲು ತಾ, ಆಮೇಲೆ ಇಸಿದುಕೋ. ಮನುಷ್ಯರದ್ದೂ ಹಾಗೇ ಇರಬೇಕಲ್ಲ ಎಂದುಕೊಂಡಳು. ಹೀಗೆ ಅಂದುಕೊಳ್ಳುವುದರಲ್ಲಿ ಏನು ತಪ್ಪಿದೆ?

ಆಸ್ಪತ್ರೆಯ ಗೇಟಿನಲ್ಲಿ ದೊಡ್ಡ ಬೋರ್ಡಿತ್ತು. ಹಿರಿಯರ ಕಾರ್ಡಿಗೆ ಇಲ್ಲಿ ಸ್ವಾಗತ ಎಂದು ಬರೆದು, ಬಿಳಿ ಕೂದಲಿನ ಗಂಡ ಹೆಂಡತಿ ನಗುತ್ತಿರುವ ಚಿತ್ರ ಹಾಕಿದ್ದರು. ಅಷ್ಟು ಹಲ್ಲಿರುವ ಮುದುಕರನ್ನು ಕುಶನ್ ಅಮ್ಮ ಎಲ್ಲೂ ಕಂಡಿರಲಿಲ್ಲ. ಆದರೂ ಬೋರ್ಡು ನೋಡಿ ಧೈರ್ಯ ಬಂತು. ಕಾರ್ಡು ಅವಳ ಚೀಲದಲ್ಲೇ ಇತ್ತು. ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟಿದ್ದ ಹಣವನ್ನೂ ತಂದಿದ್ದಳು.

ಕೌಂಟರಿನ ಗಾಜಿನಲ್ಲಿ ಅಂಗೈಯಗಲದ ಒಂದು ತೂತು. ಮಾತಾಡಬೇಕೆಂದರೆ ಬಗ್ಗಿ ಬಾಯಿಯನ್ನು ತೂತಿಗಿಡಬೇಕು, ಉತ್ತರ ಕೇಳಬೇಕೆಂದರೆ ಬಾಯಿ ಸರಿಸಿ ಕಿವಿಯನ್ನಿಡಬೇಕು. ಗಾಜಿನ ಹಿಂದೆ ಕೂತಿದ್ದವನು ತಲೆ ಎತ್ತದೆ ಕೇಳಿದ: "ಪೇಷೆಂಟ್ ಹೆಸರು, ವಯಸ್ಸು?"

ಅವಳು ಹೇಳಿದಳು. ಎಪ್ಪತ್ತು ದಾಟಿದೆ ಎಂದು ಒತ್ತಿಯೇ ಹೇಳಿದಳು. ಆ ವಯಸ್ಸು ಕೇಳಿದರೆ ಯಾರಿಗಾದರೂ ಕಾರ್ಡಿನ ನೆನಪಾಗಬೇಕು. ಹಲ್ಲಿನ ದಂಪತಿಯ ಇನ್ನೊಂದು ಚಿತ್ರ ಅವನ ತಲೆಯ ಹಿಂದಿನ ಗೋಡೆಯಲ್ಲೇ ಇತ್ತು. ಅವನು ಕೇಳಲಿಲ್ಲ.

ಸ್ಟ್ರೆಚರಿನ ಮೇಲಿಂದ ವ್ಯಾನ್ ಮಾಮ ಕೈ ಎತ್ತಿದರು. "ಏ, ಇವಳೇ... ಕಾರ್ಡು..."

"ನೀವು ಸುಮ್ನೆ ಮಲಗಿ. ಅದೆಲ್ಲ ಆಮೇಲೆ," ಎಂದು ಅವರನ್ನು ಗದರಿ, ಅವಳು ನೋಟಿನ ಕಟ್ಟನ್ನು ತೂತಿನೊಳಗೆ ತೂರಿಸಿದಳು. "ಮುಂಗಡ ತಗೊಳ್ಳಪ್ಪ. ಕೆಲಸ ಬೇಗ ಶುರು ಮಾಡ್ಲಿ."

ಬಿಟ್ಟಿ ಚಿಕಿತ್ಸೆಗೆ ಬಂದವರೆಂದು ಮೂಲೆಗೆ ತಳ್ಳದಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಕೈಗೆ ಕಾಸು ಬಿದ್ದ ಮೇಲೆ ಇವರಿಗೂ ನಾಚಿಕೆಯಾಗದೆ ಇರುತ್ತದೆಯೇ? ಒಳಗಿದ್ದವನು ನೋಟು ತೆಗೆದುಕೊಂಡ. ಆಗ ಮೊದಲ ಸಲ ತಲೆ ಎತ್ತಿ ಮುಗುಳ್ನಕ್ಕ. ಏನೋ ಒತ್ತಿದ, ಏನೋ ಅಚ್ಚಾಯಿತು, ಸ್ಟ್ರೆಚರ್ ಒಳಗೆ ಹೋಯಿತು. ನೋಡಿದ್ರಾ, ಎಷ್ಟು ಸಲೀಸು ಎಂದುಕೊಂಡಳು.

ಎಕ್ಸ್-ರೇ ನೋಡಿದ ಮೂಳೆ ಡಾಕ್ಟರು ಮಾತು ಸುತ್ತಿಸಲಿಲ್ಲ. ತೊಡೆಯ ಮೂಳೆ ಸೊಂಟಕ್ಕೆ ಕೂಡುವ ಕಡೆ ಮುರಿದಿದೆ, ಆಪರೇಷನ್ ಮಾಡಿ ಹೊಸ ಕೀಲು ಹಾಕಬೇಕು. "ನಾಳೆ ನಾಡಿದ್ದರೊಳಗೆ ಆಗ್ಬೇಕಮ್ಮ. ಈ ವಯಸ್ಸಲ್ಲಿ ಮಲಗಿದಷ್ಟೂ ಕಷ್ಟ. ಎದೆಗೆ ಕಫ ಕಟ್ಟುತ್ತೆ, ಬೆನ್ನಿಗೆ ಹುಣ್ಣಾಗುತ್ತೆ. ಮತ್ತೆ ಎಬ್ಬಿಸೋಕೆ ಆಗಲ್ಲ."

ಸ್ವಲ್ಪ ಹೊತ್ತಿಗೆ ಕೌಂಟರಿನಿಂದ ಅಂದಾಜು ಖರ್ಚಿನ ಚೀಟಿ ಬಂತು. ಅದರಲ್ಲಿದ್ದ ಮೊತ್ತ ಹುಟ್ಟಬೇಕೆಂದರೆ ಅಂಗಡಿಯನ್ನೇ ಮಾರಬೇಕಿತ್ತು. ಕುಶನ್ ಅಮ್ಮ ಹೆದರಲಿಲ್ಲ. ಚೀಲದಿಂದ ಕಾರ್ಡು ತೆಗೆದು ತೂತಿನಲ್ಲಿಟ್ಟಳು. "ಮುಂಗಡ ಕಟ್ಟಿದ್ದೀನಿ. ಉಳಿದಿದ್ದಕ್ಕೆ ಇದು. ನನ್ನದಕ್ಕೊಂದು ಬಿಲ್ ಕೊಡಿ, ಕಾರ್ಡಿನೋರ ಹತ್ರ ಇಸ್ಕೊಳ್ತೀನಿ."

ಅವನು ಕಾರ್ಡನ್ನು ಮುಟ್ಟಲೂ ಇಲ್ಲ. "ಇದು ನಡೆಯಲ್ಲಮ್ಮ. ನಿಮ್ಮೋರು ಕ್ಯಾಶ್ ಪೇಷೆಂಟ್."

"ಹಾಗಂದ್ರೆ?"

"ದುಡ್ಡು ಕಟ್ಟಿ ಸೇರಿದ್ದಾರೆ. ಕಂಪ್ಯೂಟರಲ್ಲಿ ಹಾಗೇ ಹೋಗಿದೆ. ಕಾರ್ಡ್ ಇದೆ ಅಂತ ನೀವು ಹೇಳ್ಲೇ ಇಲ್ಲ."

"ನೀನು ಕೇಳ್ಲೇ ಇಲ್ಲ."

"ಕೇಳೋದು ನನ್ನ ಕೆಲಸ ಅಲ್ಲ."

"ಮತ್ತೆ ದುಡ್ಡು ಇಸ್ಕೊಳ್ಳೋದು ಮಾತ್ರ ನಿನ್ನ ಕೆಲಸಾನಾ?"

"ನೀವೇ ಕೊಟ್ರಿ. ನಾನೇನು ಕಿತ್ಕೊಂಡ್ನಾ?"

ಕೊಟ್ಟದ್ದು ತಾನೇ ಎಂಬ ಸಿಟ್ಟು ಇನ್ನೂ ಕೆಟ್ಟದು. ತೂತಿನಲ್ಲಿದ್ದ ಕಾರ್ಡನ್ನು ಕಿತ್ತು ಚೀಲಕ್ಕೆ ತುರುಕಿದಳು.

"ಈಗ ಏನ್ ಮಾಡ್ಬೇಕು ಹೇಳು."

"ಒಂದೇ ದಾರಿ. ಡಿಸ್ಚಾರ್ಜ್ ಮಾಡಿಸ್ಕೊಂಡು ಹೊರಗೆ ಹೋಗಿ, ಹೊಸದಾಗಿ ಕಾರ್ಡ್ ಮೇಲೆ ಸೇರಿಸಿ. ಆಗ ಬೆಡ್ ಖಾಲಿ ಇದ್ರೆ ಕೊಡ್ತೀವಿ."

"ಸೊಂಟ ಮುರಿದೋರನ್ನ ಹೊರಗೆ ಹೊತ್ಕೊಂಡು ಹೋಗಿ ಮತ್ತೆ ಒಳಗೆ ಹೊತ್ಕೊಂಡು ಬರ್ಬೇಕಾ?"

"ರೂಲ್ಸ್ ಹಾಗಿದೆ."

"ಎಷ್ಟು ದೂರ ಹೋಗ್ಬೇಕಪ್ಪ? ಗೇಟಿನ ತನಕ ಹೋದ್ರೆ ಸಾಕಾ? ಇಲ್ಲ, ಬಿದ್ದ ಜಾಗಕ್ಕೇ ಕರ್ಕೊಂಡು ಹೋಗಿ ಇನ್ನೊಂದು ಸಲ ಬೀಳಿಸ್ಕೊಂಡು ಬರ್ಲಾ?"

ಅವನು "ನೆಕ್ಸ್ಟ್" ಎಂದ.

ಅಷ್ಟರಲ್ಲಿ ಮಗಳು ಬಂದಳು. ಸೊಂಟದಲ್ಲಿ ಮಗು, ಹೆಗಲಲ್ಲಿ ಮಗುವಿನ ಚೀಲ, ಕೈಯಲ್ಲಿ ಹಾಲಿನ ಬಾಟಲಿ. ಆಸ್ಪತ್ರೆಯ ಯಾವ ಗೋಡೆಗೂ ಮಗುವಿನ ಕೈ ತಾಗದಂತೆ ಹಜಾರದ ನಟ್ಟನಡುವೆ ನಡೆದು ಬಂದಳು. ನಡೆದದ್ದನ್ನು ಕೇಳಿದವಳೇ ಕುಸಿದು ಕುರ್ಚಿಯ ಮೇಲೆ ಕೂತಳು.

"ದುಡ್ಡು ಕಟ್ಟಿಬಿಟ್ಯಾ? ಅಮ್ಮ, ಕಟ್ಬಾರ್ದು ಅಂತ ನೂರು ಸಲ ಹೇಳಿದ್ದೆ. ಸೇರಿಸೋವಾಗ್ಲೇ ಕಾರ್ಡ್ ತೋರಿಸ್ಬೇಕು ಅಂತ ಬಡ್ಕೊಂಡೆ."

"ಎಲ್ಲಿ ಹೇಳಿದ್ದೆ? ಒಂದು ಸಲ ಆದ್ರೂ ಒಂದು ಮಾತು ಪೂರ್ತಿ ಮಾಡಿದ್ಯಾ ನೀನು? ನೀನು ಹೇಳಿದ್ರಲ್ಲಿ ನನ್ನ ಕಿವಿಗೆ ಬಿದ್ದಿದ್ದು 'ಉಗೀಬಾರ್ದು' ಅನ್ನೋದೊಂದೇ."

"ಹಾಗಾದ್ರೆ ತಪ್ಪು ನನ್ನದಾ?"

"ನಿನ್ನದು ಅಂದ್ನಾ?"

"ಮತ್ತೆ ಯಾರದು?"

ಸುತ್ತಲಿದ್ದವರು ನೋಡತೊಡಗಿದರು. ಕುಶನ್ ಅಮ್ಮ ಕುರ್ಚಿಯ ಹರಿದ ರೆಕ್ಸಿನ್ನಿನಲ್ಲಿ ಬೆರಳು ತೂರಿಸಿ ಒಂದು ಹಿಡಿ ಸ್ಪಂಜು ಕಿತ್ತಳು. ಅರವತ್ತು ವರ್ಷ ಕುರ್ಚಿಗಳಿಗೆ ಸ್ಪಂಜು ತುಂಬಿದವಳು ಅಂದು ಮೊದಲ ಸಲ ಕಿತ್ತದ್ದು. ಮಗು ಅದಕ್ಕೆ ಕೈ ಚಾಚಿತು. "ಬಾಯಿಗೆ ಹಾಕೊಳ್ಳತ್ತೆ, ಕೊಡ್ಬೇಡ," ಎಂದು ಮಗಳು ಅಳುತ್ತಲೇ ಹೇಳಿದಳು.

ಕಾರ್ಡಿನವರಿಗೆಂದು ಆಸ್ಪತ್ರೆಯಲ್ಲೇ ಒಂದು ಮೇಜು ಇರಬೇಕೆಂದು ನೆನಪಿಸಿಕೊಂಡವಳು ಮಗಳೇ. ಹುಡುಕಿದರು. ಅದು ಮೆಟ್ಟಿಲ ಕೆಳಗೆ, ಕುಡಿಯುವ ನೀರಿನ ಡ್ರಮ್ಮಿನ ಹಿಂದೆ ಇತ್ತು. ಗೇಟಿನಲ್ಲಿ ಆನೆ ಗಾತ್ರದ ಬೋರ್ಡು ಹಾಕಿದವರು ಮೇಜನ್ನು ಮಾತ್ರ ಕದ್ದ ಮಾಲಿನಂತೆ ಬಚ್ಚಿಟ್ಟಿದ್ದರು. ಅಲ್ಲಿ ಕೂತಿದ್ದ ಹುಡುಗಿ ಕಾರ್ಡು ತಿರುಗಿಸಿ ನೋಡಿ, ವ್ಯಾನಿನ ವಿಮೆಯವರೆಗೂ ಇವರ ಕಥೆ ಕೇಳಿ, ನಿಟ್ಟುಸಿರು ಬಿಟ್ಟಳು.

"ಅಮ್ಮ, ಇದು ವ್ಯಾನಿನ ವಿಮೆ ಥರ ಅಲ್ಲ. ಅಲ್ಲಿ ರಿಪೇರಿ ಆದ್ಮೇಲೆ ಕೇಳ್ತಾರೆ, ಇಲ್ಲಿ ರಿಪೇರಿಗೆ ಮುಂಚೆ ಕೇಳ್ಬೇಕು. ಇಂಥೋರಿಗೆ ಇಂಥ ಆಪರೇಷನ್ ಬೇಕು ಅಂತ ಆಸ್ಪತ್ರೆಯೋರೇ ಮೇಲಕ್ಕೆ ಬರೀತಾರೆ. ಅಲ್ಲಿಂದ ಹ್ಞೂಂ ಅಂದ್ರೆ ದುಡ್ಡು ನೇರ ಆಸ್ಪತ್ರೆಗೆ ಹೋಗುತ್ತೆ. ನಿಮ್ಮ ಕೈಗೆ ಬರೋದೂ ಇಲ್ಲ, ನಿಮ್ಮ ಕೈಯಿಂದ ಹೋಗೋದೂ ಇಲ್ಲ. ಬಿಲ್ಲು ತಂದು ತೋರಿಸಿದ್ರೆ ಯಾರೂ ಏನೂ ಕೊಡಲ್ಲ."

"ಮನೇಲಿ ತಗೊಳ್ಳೋ ಮಾತ್ರೆಗೆ?" ಎಂದಳು ಮಗಳು. ಅವಳಿಗೆ ಈ ಹೊತ್ತಿನಲ್ಲೂ ಮುಂದಿನ ಚಿಂತೆ.

"ಈ ಕಾರ್ಡು ಆಸ್ಪತ್ರೆ ಮಂಚದ ಮೇಲೆ ಮಲಗಿದೋರಿಗೆ ಮಾತ್ರ. ಕೂತ್ಕೊಂಡು ಔಷಧಿ ಬರೆಸ್ಕೊಂಡು ಹೋಗೋರಿಗೆ ಇಲ್ಲ."

"ಇಷ್ಟು ಸುಲಭದ ಮಾತನ್ನ ಆ ಗಾಜಿನ ಹಿಂದೆ ಇರೋ ಮನುಷ್ಯ ಒಂದು ಸಲ ಹೇಳ್ಬಹುದಿತ್ತಲ್ಲ," ಎಂದಳು ಕುಶನ್ ಅಮ್ಮ.

ಹುಡುಗಿ ಆಚೀಚೆ ನೋಡಿದಳು. ದನಿ ಇಳಿಸಿದಳು. "ಕಾರ್ಡಿನ ದರ ಕಮ್ಮಿ ಅಮ್ಮ. ಕ್ಯಾಶ್ ಕೊಡೋರು ತಾವಾಗೇ ಬಂದ್ರೆ ಇವರು ಯಾಕೆ ಬಾಯಿ ಬಿಡ್ತಾರೆ? ನೋಡಿ, ಆಪರೇಷನ್ ಇನ್ನೂ ಆಗಿಲ್ಲ ತಾನೆ? ಆಗಿಲ್ಲ ಅಂದ್ರೆ ಈಗ್ಲೂ ಕೇಳ್ಬಹುದು. ಡಿಸ್ಚಾರ್ಜು ಗಿಸ್ಚಾರ್ಜು ಏನೂ ಬೇಡ. ಆದ್ರೆ ಆಸ್ಪತ್ರೆಯೋರು ಕಳಿಸ್ಬೇಕು. ನಾನು ಹೇಳಿದ್ರೆ ಇಲ್ಲಿ ಯಾರೂ ಕೇಳಲ್ಲ. ಕಾರ್ಡಿನ ಹಿಂದೆ ಸಹಾಯವಾಣಿ ನಂಬರಿದೆ, ಫೋನ್ ಮಾಡಿ. ನಾನು ಹೇಳ್ದೆ ಅನ್ಬೇಡಿ."

ಮಗಳು ಫೋನ್ ಮಾಡಿದಳು. ನಿಮ್ಮ ಕರೆ ನಮಗೆ ಮುಖ್ಯ ಎಂದು ಒಂದು ಯಂತ್ರ ಹೇಳಿತು, ಸಂಗೀತ ಬಂತು, ಮತ್ತೆ ನಿಮ್ಮ ಕರೆ ನಮಗೆ ಮುಖ್ಯ ಎಂದಿತು. ಅಷ್ಟು ಮುಖ್ಯವಾಗಿದ್ದರೆ ಎತ್ತುತ್ತಿದ್ದರು. ಮಗು ಫೋನಿಗಾಗಿ ಕೈಕಾಲು ಬಡಿಯತೊಡಗಿತು. ಕುಶನ್ ಅಮ್ಮ ಒಮ್ಮೆ ವಾರ್ಡಿಗೆ ಹೋಗಿ ಬಂದಳು. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರೂ ವ್ಯಾನ್ ಮಾಮ ಹಾಸಿಗೆಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಕಾರ್ಡು ತೋರಿಸಿದ್ಯಾ?" ಎಂದರು.

"ತೋರಿಸ್ತಾ ಇದ್ದೀನಿ," ಎಂದಳು. ನೀವು ಹೇಳಿದ್ದೇ ಸರಿ, ನಾನೇ ನಿಮ್ಮ ಬಾಯಿ ಮುಚ್ಚಿಸಿದೆ ಎಂಬ ಮಾತನ್ನು ಆಮೇಲಕ್ಕೆ ಇಟ್ಟುಕೊಂಡಳು. ನೇರ ಕೌಂಟರಿಗೆ ನಡೆದಳು. ಸಾಲು ನೋಡಲಿಲ್ಲ. ಗಾಜಿನ ತೂತಿನ ಮುಂದೆ ತನ್ನ ಚೀಲವಿಟ್ಟಳು, ಚೀಲದ ಮೇಲೆ ಎರಡೂ ಕೈಯಿಟ್ಟಳು.

"ಇನ್ನೂ ಆಪರೇಷನ್ ಆಗಿಲ್ಲ. ಕಾರ್ಡಿನ ಮೇಲೆ ಬರೆದು ಕಳಿಸು."

"ಆಗಲ್ಲ ಅಂದ್ನಲ್ಲಮ್ಮ. ಸರೀರಿ ಪಕ್ಕಕ್ಕೆ."

"ಸರಿಯೋದಿಲ್ಲ. ನಿನ್ನ ರೂಲ್ಸ್ ಎಲ್ಲಿ ಬರೆದಿದೆ ಅಂತ ತೋರಿಸು, ಆಮೇಲೆ ಸರೀತೀನಿ."

ಹಿಂದಿನಿಂದ ಗೊಣಗಾಟ ಎದ್ದಿತು. "ಅಜ್ಜಿ, ನಮಗೂ ಕೆಲಸ ಇದೆ. ನಿಮ್ಮ ಜಗಳ ಆಮೇಲೆ ಆಡ್ಕೊಳ್ಳಿ," ಎಂದ ಒಬ್ಬ. ಅವನ ಕೈಯಲ್ಲೂ ನೋಟಿನ ಕಟ್ಟಿತ್ತು, ಪಕ್ಕದ ಗಾಲಿಕುರ್ಚಿಯಲ್ಲಿ ಮುದುಕಿಯೊಬ್ಬಳು ತಲೆ ವಾಲಿಸಿಕೊಂಡು ಕೂತಿದ್ದಳು.

ಕುಶನ್ ಅಮ್ಮ ತಿರುಗಿದಳು. "ಅವರು ನಿಮ್ಮ ತಾಯಿನಾ?"

"ಹೌದು. ಯಾಕೆ?"

"ವಯಸ್ಸೆಷ್ಟು? ಕಾರ್ಡ್ ಮಾಡಿಸಿದ್ದೀರಾ?"

"ಮಾಡಿಸಿದ್ದೀವಿ, ಮನೇಲೆಲ್ಲೋ ಇದೆ..."

"ಹೋಗಿ ತಗೊಂಡ್ಬನ್ನಿ. ಈ ತೂತಲ್ಲಿ ದುಡ್ಡು ಹಾಕಿದ್ರೋ, ಆ ಕಾರ್ಡು ಒಲೆಗೆ ಹಾಕೋಕೂ ಬರಲ್ಲ. ನಾನು ಹಾಕಿ ಕೂತಿದ್ದೀನಿ."

ನೋಟು ಹಿಡಿದ ಕೈ ಜೇಬಿಗೆ ಹೋಯಿತು. ಸಾಲಿನಲ್ಲಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ಹರಿಯಿತು. ಕೌಂಟರಿನವನು ಮೊದಲ ಸಲ ಕುರ್ಚಿಯಿಂದ ಎದ್ದು ನಿಂತ. ಹಿಂದಿನ ಬಾಗಿಲಿನಿಂದ ಟೈ ಕಟ್ಟಿದ ಮ್ಯಾನೇಜರು ಹೊರಬಂದರು, ತುಟಿಯ ತುಂಬ ನಗು ಹಚ್ಚಿಕೊಂಡು.

"ಬನ್ನಿ ಅಮ್ಮ, ಒಳಗೆ ಕೂತು ಮಾತಾಡೋಣ. ಏನೋ ಸಣ್ಣ ಗೊಂದಲ ಆಗಿದೆ."

"ಸಣ್ಣದಾಗಿದ್ರೆ ಬೆಳಿಗ್ಗೇನೇ ಮುಗೀತಿತ್ತು. ಇಲ್ಲೇ ಮಾತಾಡಿ, ಎಲ್ಲರಿಗೂ ಕೇಳಿಸ್ಲಿ."

"ಕಾರ್ಡಿನ ಒಪ್ಪಿಗೆ ಎಲ್ಲ ತಡ ಆಗುತ್ತೆ. ನಿಮ್ಮ ಯಜಮಾನರ ಒಳ್ಳೇದಕ್ಕೇ ಹೇಳ್ತಿದ್ದೀನಿ. ಕ್ಯಾಶ್ ಆದ್ರೆ ನಾಳೆ ಬೆಳಿಗ್ಗೇನೇ ಆಪರೇಷನ್."

ಇದು ಅವಳಿಗೆ ನಾಟಿತು. ಅವಳು ಹೆದರಿದ್ದೂ ಇದಕ್ಕೇ. ಮಲಗಿದಷ್ಟೂ ಕಷ್ಟ ಎಂದಿದ್ದರು ಡಾಕ್ಟರು. ಅಂಗಡಿ ಮಾರಿದರೆ ಮಾರಿದೆ, ಮನುಷ್ಯ ಎದ್ದು ಓಡಾಡಿದರೆ ಸಾಕು ಎಂದು ಒಂದು ಗಳಿಗೆ ಅನಿಸಿತು. ಚೀಲದ ಮೇಲಿನ ಕೈ ಸಡಿಲವಾಯಿತು. ಆ ಸಡಿಲಿಕೆಗಾಗಿಯೇ ಇವರು ಕಾದು ಕೂತಿರುತ್ತಾರೆ. ಯಾವ ಮನೆಯವರ ಭಯ ಎಷ್ಟು ಬೆಲೆಬಾಳುತ್ತದೆ ಎಂದು ಇವರಿಗೆ ಗೊತ್ತಿರುತ್ತದೆ.

ಆಗ ಅವಳ ಭುಜದ ಪಕ್ಕದಿಂದ ಮಗಳ ಕೈ ತೂರಿ ಬಂತು. ಕೈಯಲ್ಲಿ ಫೋನು. ಫೋನಿನೊಳಗೆ ಒಬ್ಬ ಹೆಂಗಸಿನ ದನಿ.

"ಸಹಾಯವಾಣಿಯೋರು ಲೈನಲ್ಲಿದ್ದಾರೆ," ಎಂದಳು ಮಗಳು. ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟರೂ ಕೇಳದೆ ಬರುವ ಹುಡುಗಿ, ಬಸ್ಸಿನಲ್ಲಿ ತನ್ನ ಕಾಲು ತುಳಿದವರಿಗೆ ತಾನೇ ಸಾರಿ ಹೇಳುವ ಹುಡುಗಿ. "ನಿಮ್ಮ ಆಸ್ಪತ್ರೆ ಹೆಸರು ಕೊಟ್ಟಿದ್ದೀನಿ. ದೂರು ದಾಖಲಾಗಿದೆ. ಆಪರೇಷನ್‌ಗೆ ಮುಂಚೆ ಯಾವಾಗ ಬೇಕಾದ್ರೂ ಕಾರ್ಡಿಗೆ ಬದಲಾಯಿಸ್ಬಹುದಂತೆ, ಇಂಥ ಮುರಿತಕ್ಕೆ ಒಪ್ಪಿಗೆ ಬೇಗ ಕೊಡ್ತಾರಂತೆ. ನೀವು ಯಾಕೆ ಕಳಿಸ್ತಿಲ್ಲ ಅಂತ ಕೇಳ್ತಿದ್ದಾರೆ. ತಗೊಳ್ಳಿ, ನೀವೇ ಹೇಳಿ."

ಮ್ಯಾನೇಜರು ಫೋನು ತೆಗೆದುಕೊಳ್ಳಲಿಲ್ಲ. ಮಗಳು ಅದನ್ನು ಗಾಜಿನ ತೂತಿನೊಳಗೆ ಇಟ್ಟುಬಿಟ್ಟಳು. ಮಗು ಇದೊಂದು ಹೊಸ ಆಟವೆಂದು ಕೇಕೆ ಹಾಕಿತು. ಒಳಗಿದ್ದವನು ಆ ಫೋನನ್ನು ಹಾವು ನೋಡುವ ಹಾಗೆ ನೋಡಿ, ಕೊನೆಗೆ ಕಿವಿಗಿಟ್ಟುಕೊಂಡು, "ಹೌದು ಮೇಡಂ... ಇಲ್ಲ ಮೇಡಂ... ಈಗ್ಲೇ ಮೇಡಂ," ಎಂದ.

ಕಾರ್ಡಿನ ಮೇಜಿನ ಹುಡುಗಿ ಹೆಬ್ಬೆಟ್ಟಿನ ಯಂತ್ರ ಹಿಡಿದು ವಾರ್ಡ್‌ಗೆ ಬಂದಳು, ಇವರನ್ನು ಮೊದಲ ಸಲ ನೋಡುತ್ತಿರುವವಳ ಹಾಗೆ. ಹೆಬ್ಬೆಟ್ಟು ಒತ್ತಿಸಿಕೊಂಡು, ಮುಖದ ಫೋಟೋ ತೆಗೆಯಬೇಕೆಂದಳು.

"ನಗ್ಬೇಕಾ?" ಎಂದರು ವ್ಯಾನ್ ಮಾಮ. ಕಟ್ಟಿಸಿದ ಹಲ್ಲನ್ನು ನರ್ಸು ಆಗಲೇ ತೆಗೆದಿಟ್ಟಿದ್ದಳು.

"ಬೇಡ ತಾತ, ಹೀಗೇ ಇರಿ."

"ಗೇಟಿನ ಬೋರ್ಡಿಗೇನಾದ್ರೂ ಹಾಕ್ತೀರೇನೋ ಅಂದ್ಕೊಂಡೆ."

ಹುಡುಗಿ ನಕ್ಕಳು. ಕುಶನ್ ಅಮ್ಮ ನಗಲಿಲ್ಲ.

ಮರುದಿನ ಬೆಳಿಗ್ಗೆ ಆಪರೇಷನ್ ಆಗಲಿಲ್ಲ. ಇವರ ನಂತರ ಬಂದ, ಕ್ಯಾಶ್ ಕಟ್ಟಿದ, ಕೈ ಮುರಿದ ಮನುಷ್ಯನನ್ನು ಮೊದಲು ಒಳಗೆ ಕರೆದೊಯ್ದರು. ಅವನ ಮೇಲೂ ಅವಳಿಗೆ ಸಿಟ್ಟು ಬಂತು, ಅವನ ತಪ್ಪೇನು ಎಂದು ತನ್ನ ಮೇಲೂ ಸಿಟ್ಟು ಬಂತು. ವ್ಯಾನ್ ಮಾಮ ಮಾತು ಕಡಿಮೆ ಮಾಡಿದ್ದರು. ಅವರು ಮಾತು ಕಡಿಮೆ ಮಾಡಿದ್ದನ್ನು ಮದುವೆಯಾದಾಗಿನಿಂದ ಅವಳು ನೋಡಿರಲಿಲ್ಲ. ಅವರು ಕೆಮ್ಮಿದಾಗಲೆಲ್ಲ ಕಫ ಕಟ್ಟಿತೇ ಎಂದು ಅವರ ಎದೆಗೆ ಕಿವಿಯಿಟ್ಟು ಆಲಿಸಿದಳು. ಮಗಳಿಗೆ ಬೈಯುತ್ತಿದ್ದ ಹೆದರಿಕೆಯ ಕೆಲಸಗಳನ್ನೆಲ್ಲ ಈಗ ತಾನೇ ಮಾಡುತ್ತಿದ್ದಳು.

ಊಟದ ಹೊತ್ತು ಮುಗಿದ ಮೇಲೆ ಒಪ್ಪಿಗೆ ಬಂತು. ಅದರ ಹಿಂದೆಯೇ ಮ್ಯಾನೇಜರೂ ಬಂದರು. ಕಾರ್ಡಿನಲ್ಲಿ ಸಿಗುವ ಕೀಲು ಮಾಮೂಲಿಯದು, ಒಳ್ಳೆಯದು ಬೇಕೆಂದರೆ ಸ್ವಲ್ಪ ಮೇಲೆ ಕೊಡಬೇಕಾಗುತ್ತದೆ ಎಂದರು. ಅವಳು ಅವರಿಗೆ ಉತ್ತರ ಕೊಡದೆ, ಕಾರಿಡಾರಿನಲ್ಲಿ ಹೋಗುತ್ತಿದ್ದ ಮೂಳೆ ಡಾಕ್ಟರನ್ನು ಅಡ್ಡಗಟ್ಟಿದಳು.

"ಡಾಕ್ಟ್ರೇ, ನಿಮ್ಮ ತಂದೆಗಾದ್ರೆ ಯಾವ ಕೀಲು ಹಾಕ್ತಿದ್ರಿ?"

ಡಾಕ್ಟರು ಮ್ಯಾನೇಜರ ಮುಖ ನೋಡಿದರು, ಅವಳ ಮುಖ ನೋಡಿದರು. "ಕಾರ್ಡಲ್ಲಿ ಬರೋದೇ ಸಾಕಮ್ಮ. ಅದೂ ಕಬ್ಬಿಣಾನೇ, ಇದೂ ಕಬ್ಬಿಣಾನೇ," ಎಂದು ಹೇಳಿ ಬೇಗ ಬೇಗ ನಡೆದರು.

ಸಂಜೆಗೆ ಮುಂಚೆಯೇ ಸ್ಟ್ರೆಚರ್ ಬಂತು. ಹಸಿರು ಗೌನು ಹಾಕಿದ ವ್ಯಾನ್ ಮಾಮ ಒಂದು ದಿನದಲ್ಲೇ ಸಣ್ಣಗಾದಂತೆ ಕಾಣುತ್ತಿದ್ದರು. ಅವಳು ಸ್ಟ್ರೆಚರಿನ ಜೊತೆ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ನಡೆದಳು.

"ರೀ," ಎಂದಳು. "ನಿನ್ನೆ ನೀವು ಹೇಳಿದ್ರಿ, ಕಾರ್ಡು ಅಂತ. ನಾನು ಕೇಳ್ಲಿಲ್ಲ."

"ನೀನು ಯಾವತ್ತು ಕೇಳಿದ್ದೀಯ?" ಎಂದರು ಅವರು. ಬಾಗಿಲು ತೆರೆಯುವಾಗ, "ಮುಂಗಡ ವಾಪಸ್ ಕೊಟ್ರಾ?" ಎಂದರು.

"ಕೊಟ್ಟಿಲ್ಲ. ಕೊಡೋಕೆ ತಿಂಗಳಾಗುತ್ತಂತೆ, ಅರ್ಜಿ ಬರೀಬೇಕಂತೆ. ಅದು ನಾಳೆ ಜಗಳ. ಇವತ್ತಿನದು ಮುಗೀತು, ನೀವು ಹೋಗಿ ಬನ್ನಿ."

ಬಾಗಿಲು ಮುಚ್ಚಿತು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಗೋಡೆಯ ಪಕ್ಕದ ಬೆಂಚಿನಲ್ಲಿ ಜಾಗ ಮಾಡಿದಳು. "ಕೂತ್ಕೋ ಅಮ್ಮ. ನಿನ್ನೆಯಿಂದ ನಿಂತೇ ಇದ್ದೀಯ."

"ಕೂರಲ್ಲ," ಎಂದಳು ಕುಶನ್ ಅಮ್ಮ, ಬಾಗಿಲ ಮೇಲಿನ ದೀಪದಿಂದ ಕಣ್ಣು ತೆಗೆಯದೆ. "ಕೂತ್ರೆ ಸಿಟ್ಟು ಇಳಿದು ಹೋಗುತ್ತೆ. ಅದು ನಾಳೆಗೂ ಬೇಕು."